ಮೆಣಸು ಲಂಕೆಯದೋ, ಚೀಲ ಮಾತ್ರ ಲಂಕೆಯದೋ?

ಪ್ರಶ್ನೆ: ಸಾರ್, ನಮ್ಮದು ಸೋಮವಾರಪೇಟೆ ತಾಲ್ಲೂಕಿನಲ್ಲಿ ಆರು ಎಕರೆ ಕಾಫಿ ತೋಟ. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಈ ಸಲ 12 ಕ್ವಿಂಟಾಲ್ ಒಣಗಿಸಿ ಚೀಲ ಕಟ್ಟಿ ಇಟ್ಟಿದ್ದೇನೆ. ಹೋದ ವಾರ ಕೆಜಿಗೆ 680 ಅಂದಿದ್ದ ವ್ಯಾಪಾರಿ ಮೂರೇ ದಿನಕ್ಕೆ 650 ಅಂದ. ಯಾಕಪ್ಪಾ ಅಂದ್ರೆ ‘ಶ್ರೀಲಂಕಾ ಮಾಲು ಬಂದಿದೆ’ ಅಂತಾನೆ. ನಮ್ಮ ರಾಜ್ಯದ ಮೂರನೇ ಒಂದು ಪಾಲಿನಷ್ಟು ದೇಶ ಅದು. ಅಷ್ಟೊಂದು ಮೆಣಸು ಎಲ್ಲಿಂದ ಬರುತ್ತೆ? ಸುಂಕ ಇಲ್ಲದೆ ಬಿಡೋದು ಯಾಕೆ? ಅವರ ಜೊತೆ ವ್ಯಾಪಾರವೇ ಬೇಡ ಅಂತ ನನ್ನ ಮಗ ಹೇಳ್ತಾನೆ. ಇನ್ನೊಂದು ಕಡೆ, ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನಿಗೆ ಯಾರೋ ‘ಲಂಕೆಯಿಂದ ಮೆಣಸು ತರಿಸೋಣ, ನಿನ್ನ ಹೆಸರಲ್ಲಿ ಲೈಸೆನ್ಸ್ ಮಾಡಿಸು’ ಅಂತ ಬೆನ್ನು ಹತ್ತಿದ್ದಾರಂತೆ. ನಾನು ಮಾರಲೋ, ಇಡಲೋ? ಅವನು ಕೈ ಹಾಕಬಹುದೋ, ಬಾರದೋ? ಆ ವ್ಯಾಪಾರಿ ‘ಇದೇ ನೋಡಿ ಲಂಕೆ ಮಾಲು’ ಅಂತ ಕೊಟ್ಟ ಒಂದು ಪೊಟ್ಟಣವನ್ನೂ ಈ ಪತ್ರದ ಜೊತೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಿಟ್ಟು ಒಂದರ ಮೇಲೊಂದು ಕೂತಿವೆ. ಒಂದು, ಬೆಲೆ ಬಿದ್ದ ಸಿಟ್ಟು. ಇನ್ನೊಂದು, ಪಕ್ಕದ ಪುಟ್ಟ ದೇಶ ನಮ್ಮನ್ನು ಯಾಮಾರಿಸುತ್ತಿದೆ ಅನ್ನುವ ಸಿಟ್ಟು. ಎರಡರಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ಸಿಟ್ಟು ತೋರಿಸಬೇಕಾದ ವಿಳಾಸ ಬೇರೆ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಮಂಗಳೂರು ಮತ್ತು ಕೊಚ್ಚಿ ಬಂದರುಗಳಲ್ಲಿ ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸ ಮಾಡಿದವನು. ಮೆಣಸು ತರಿಸುವವರ ಫೈಲುಗಳನ್ನೂ ಹೊತ್ತು ಓಡಾಡಿದ್ದೇನೆ. ಹಾಗಾಗಿ ಬೇಲಿಯ ಆಚೆ ಕಡೆಯ ಲೆಕ್ಕವೂ ನನಗೆ ಗೊತ್ತು.

ಮೊದಲು ಲಂಕೆಯ ಮೆಣಸಿನ ಬಗ್ಗೆ. ಅಲ್ಲಿ ಮೆಣಸು ಬೆಳೆಯುವುದು ನಿಜ, ಚೆನ್ನಾಗಿಯೇ ಬೆಳೆಯುತ್ತಾರೆ. ಮಾತಳೆ, ಕ್ಯಾಂಡಿ, ಕೆಗಾಲೆ ಕಡೆ ಮನೆ ಹಿತ್ತಲಿನ ಬಳ್ಳಿಗಳೇ ಜಾಸ್ತಿ. ವರ್ಷಕ್ಕೆ 20ರಿಂದ 30 ಸಾವಿರ ಟನ್ ಆಸುಪಾಸು ಬೆಳೆ. ಖಾರ ನಮ್ಮದಕ್ಕಿಂತ ಒಂದು ಕೈ ಮೇಲೆಯೇ ಅನ್ನಿ. ಅಲ್ಲಿನ ಎಳೆಯ, ಹಗುರ ಕಾಳು ಓಲಿಯೋರೆಸಿನ್ ತೆಗೆಯುವ ನಮ್ಮ ಕಾರ್ಖಾನೆಗಳಿಗೆ ಬೇಕೇ ಬೇಕು. ಓಲಿಯೋರೆಸಿನ್ ಅಂದರೆ ಮೆಣಸಿನ ಖಾರ ಮತ್ತು ವಾಸನೆಯನ್ನು ಹಿಂಡಿ ತೆಗೆದ ಗಟ್ಟಿ ಸಾರ. ಚಿಪ್ಸ್, ಸಾಸ್ ಮಾಡುವವರು ಕೊಳ್ಳುವುದು ಅದನ್ನೇ. ಆ ಉದ್ಯಮದ ದೊಡ್ಡ ಪಾಲು ಇರುವುದು ಕೊಚ್ಚಿ ಸುತ್ತಮುತ್ತ. ಹೀಗಾಗಿ ಲಂಕೆ ಹೊರಗೆ ಕಳಿಸುವ ಮೆಣಸಿನ ಬಹುಪಾಲು ಇಂಡಿಯಾಕ್ಕೇ ಬರುತ್ತದೆ.

ಸುಂಕ ಇಲ್ಲ ಅನ್ನುವುದು ಅರ್ಧ ನಿಜ. ಎರಡು ದೇಶಗಳ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರ ಡಿಸೆಂಬರ್‌ನಲ್ಲಿ. ಜಾರಿಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ಹೆಸರಿಗೆ ಮುಕ್ತ, ಒಳಗೆ ಬೇಕಾದಷ್ಟು ಬೀಗ. ‘ಇವಕ್ಕೆ ರಿಯಾಯಿತಿ ಇಲ್ಲ’ ಅಂತ ಇಂಡಿಯಾ 429 ಸಾಮಾನುಗಳನ್ನು ಪಟ್ಟಿ ಮಾಡಿದರೆ, ಲಂಕೆ 1,180 ಸಾಮಾನುಗಳನ್ನು ಪಟ್ಟಿ ಮಾಡಿತು. ಚಿಕ್ಕ ದೇಶಕ್ಕೆ ಜಾಸ್ತಿ ಬೀಗ ಬೇಕಾಗುತ್ತದೆ, ಅದು ಸಹಜ. ನಮ್ಮ ಕಾರ್ಖಾನೆಯ ಒಂದು ತಿಂಗಳ ಮಾಲು ಸಾಕು, ಅಲ್ಲಿನ ಒಂದು ಉದ್ಯಮ ಬಾಗಿಲು ಹಾಕೋದಕ್ಕೆ. ಇನ್ನು ಚಹಾಕ್ಕೆ ವರ್ಷಕ್ಕೆ 1.5 ಕೋಟಿ ಕೆಜಿ ಅಂತ ಕೋಟಾ. ಮೆಣಸಿಗೆ 2,500 ಟನ್. ಮೆಣಸಿಗೆ ಅಷ್ಟರವರೆಗೆ ಸುಂಕ ಸೊನ್ನೆ. ಅದು ಮೀರಿದರೆ ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದದಡಿ ಶೇ. 8. ಯಾವ ಒಪ್ಪಂದವೂ ಇಲ್ಲದ ದೇಶದಿಂದ ಬಂದರೆ ಶೇ. 70. ವಿಯೆಟ್ನಾಂ ಸೇರಿದ ಆಸಿಯಾನ್ ಗುಂಪಿನಿಂದ ಬಂದರೆ ಸುಮಾರು ಶೇ. 50.

ಈಗ ನೋಡಿ. ನಮ್ಮ ದೇಶದ ಮೆಣಸಿನ ಬೆಳೆ ಸಾಮಾನ್ಯ ವರ್ಷದಲ್ಲಿ 60 ಸಾವಿರ ಟನ್ ಆಸುಪಾಸು. ಅದರಲ್ಲಿ ಈಗ ಕೇರಳಕ್ಕಿಂತ ಕರ್ನಾಟಕದ್ದೇ ಮುಂದಾಳತ್ವ. 2,500 ಟನ್ ಅಂದರೆ ಅದರ ನೂರಕ್ಕೆ ನಾಲ್ಕು ಪಾಲು. ಅಷ್ಟು ಮೆಣಸು ಬಂದ ಮಾತ್ರಕ್ಕೆ ಸೋಮವಾರಪೇಟೆಯಲ್ಲಿ ಕೆಜಿಗೆ ಮೂವತ್ತು ರೂಪಾಯಿ ಬೀಳುವುದಿಲ್ಲ.

ಹಾಗಾದರೆ ಬೀಳಿಸುವುದು ಏನು? ಆಸಿಯಾನ್‌ನ 50ಕ್ಕೂ ಲಂಕೆಯ 8ಕ್ಕೂ ನಡುವೆ ಇರುವ ಆ ದೊಡ್ಡ ಸಂದು.

ಒಂದು ಕಂಟೇನರ್ ಲೆಕ್ಕ ಹಾಕೋಣ. ಇಪ್ಪತ್ತು ಅಡಿಯ ಡಬ್ಬಿಗೆ ಸುಮಾರು 14 ಟನ್ ಮೆಣಸು ಹಿಡಿಯುತ್ತದೆ. ಬಂದರಿಗೆ ತಲುಪಿದಾಗ ಕೆಜಿಗೆ 500 ರೂಪಾಯಿ ಬಿತ್ತು ಅಂದುಕೊಳ್ಳಿ. ಜಿಎಸ್‌ಟಿ, ಸರ್ಚಾರ್ಜ್ ಎಲ್ಲ ಪಕ್ಕಕ್ಕಿಡಿ. ವಿಯೆಟ್ನಾಂನಿಂದ ನೇರ ಬಂದರೆ 250 ಸುಂಕ ಸೇರಿ 750 ಆಗುತ್ತದೆ. ಅದೇ ಮೆಣಸು ಕೊಲಂಬೊದಲ್ಲಿ ಇಳಿದು, ‘ಶ್ರೀಲಂಕಾ ಉತ್ಪನ್ನ’ ಅಂತ ಒಂದು ಕಾಗದ ಹೊತ್ತು ಬಂದರೆ 40 ಸೇರಿ 540. ಕೆಜಿಗೆ 210 ಉಳಿತಾಯ. ಒಂದು ಡಬ್ಬಿಗೆ 29 ಲಕ್ಷದ 40 ಸಾವಿರ. ಸಾಗಣೆ, ಚೀಲ ಬದಲಿಸುವ ಕೂಲಿ, ಕೈ ಬಿಸಿ ಮಾಡಿದ ಖರ್ಚು ಎಲ್ಲ ಕಳೆದರೂ ಎಷ್ಟು ಮಿಗುತ್ತದೆ, ಯೋಚನೆ ಮಾಡಿ.

ಇದು ಕಾನೂನಿಗೆ ಪೂರ್ತಿ ವಿರುದ್ಧ. ಒಪ್ಪಂದದ ಪ್ರಕಾರ ಬೇರೆ ದೇಶದ ಕಚ್ಚಾ ಮಾಲು ಲಂಕೆಯ ಸರಕು ಅನ್ನಿಸಿಕೊಳ್ಳಬೇಕಾದರೆ ಅಲ್ಲಿ ಕನಿಷ್ಠ ಶೇ. 35ರಷ್ಟು ಮೌಲ್ಯ ಸೇರಬೇಕು. ಜೊತೆಗೆ ಸರಕಿನ ನಾಲ್ಕಂಕಿಯ ಕಸ್ಟಮ್ಸ್ ಕೋಡ್ ಬದಲಾಗಬೇಕು. ಇಡೀ ಕಾಳೂ 0904, ಪುಡಿ ಮಾಡಿದ್ದೂ 0904. ಅಂದರೆ ವಿಯೆಟ್ನಾಂ ಮೆಣಸನ್ನು ಲಂಕೆಯಲ್ಲಿ ಬೀಸಿ ಹಿಟ್ಟು ಮಾಡಿದರೂ ಅದು ಲಂಕೆಯದಾಗುವುದಿಲ್ಲ. ಇನ್ನು ಚೀಲ ಬದಲಿಸಿದರೆ ಆಗುತ್ತದೆಯೇ?

ಆದರೂ ಆಗುತ್ತಿತ್ತು. ಒಮ್ಮೆ ಒಂದು ಗೋದಾಮಿನಲ್ಲಿ ಮಾದರಿ ತೆಗೆಯುವಾಗ ನಾನೇ ಪಕ್ಕದಲ್ಲಿದ್ದೆ. ಅಧಿಕಾರಿ ಚೀಲಕ್ಕೆ ಬೊಂಬು ಚುಚ್ಚಿ ಕಾಳು ತೆಗೆದರು. ಮೇಲಿನ ಚೀಲದ ಹೊಲಿಗೆ ಸಡಿಲವಾಗಿತ್ತು, ಒಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ. ಅದರ ಅಂಚಿನಲ್ಲಿ ಅಕ್ಷರದ ತಲೆ ಮೇಲೆ ಕೊಂಬು, ಚುಕ್ಕೆ ಇರುವ ವಿಯೆಟ್ನಾಂ ಬರಹ! ಹಳೇ ಚೀಲ ಬಿಚ್ಚುವಷ್ಟೂ ಪುರಸೊತ್ತಿರಲಿಲ್ಲ ಪುಣ್ಯಾತ್ಮರಿಗೆ. ಮೇಲೊಂದು ಅಂಗಿ ತೊಡಿಸಿ ಕಳಿಸಿದ್ದರು. ಕಾಗದ ಮಾತ್ರ ಚೊಕ್ಕವಾಗಿತ್ತು.

ಇದರಲ್ಲಿ ಲಂಕೆಯ ರೈತನ ಪಾತ್ರ ಏನೂ ಇಲ್ಲ. ಅವನಿಗೂ ಇದು ಹೊಡೆತವೇ. ಕೋಟಾದ ಜಾಗವನ್ನು ಬೇರೆ ಊರಿನ ಮೆಣಸು ತಿಂದರೆ ಅವನ ಮೆಣಸಿಗೆ ಎಲ್ಲಿ ಜಾಗ? ಅಲ್ಲಿನ ಬೆಳೆಗಾರರೂ ಈ ಮರುರಫ್ತಿಯ ವಿರುದ್ಧ ಕೂಗಾಡಿದವರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾವು ಲಂಕೆಗೆ ಬೈಯುತ್ತೇವೆ.

ನಮ್ಮ ಸರ್ಕಾರ ಸುಮ್ನೆ ಕೂತಿತ್ತು ಅನ್ನುವುದೂ ತಪ್ಪು. 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. 2018ರ ಮಾರ್ಚ್‌ನಲ್ಲಿ, ಅದಕ್ಕಿಂತ ಕಮ್ಮಿ ಬೆಲೆಯ ಆಮದಿಗೆ ನಿಷೇಧವೇ ಬಂತು. ಆಗ ವಿಯೆಟ್ನಾಂ ಮೆಣಸು ಅದರ ಅರ್ಧ ಬೆಲೆಗೆ ಸಿಗುತ್ತಿತ್ತು. ಗೋಡೆ ಎತ್ತರವಾಗಿಯೇ ಇತ್ತು. ಆದರೆ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ಇರುತ್ತಾರಲ್ಲ. 250ರ ಮಾಲಿಗೆ 500ರ ಬಿಲ್ ಹಾಕಿಸಿದರು. ಬ್ಯಾಂಕ್ ಮೂಲಕ 500 ಕಳಿಸಿ, ಹೆಚ್ಚುವರಿ 250ನ್ನು ಹವಾಲಾದಲ್ಲಿ ವಾಪಸ್ ತರಿಸಿಕೊಂಡರು. ಕಾಗದದ ಮೇಲೆ ಎಲ್ಲ ಸರಿ. ಜೊತೆಗೆ, ಮಾಲು ತರಿಸಿ ಸಂಸ್ಕರಿಸಿ ಪೂರ್ತಿ ರಫ್ತು ಮಾಡುವ ಘಟಕಗಳಿಗೆ ಈ ಬೆಲೆ ನಿಯಮದಿಂದ ವಿನಾಯಿತಿ ಸಿಕ್ಕಿತು. ಅದು ನ್ಯಾಯವಾದದ್ದೇ, ಇಲ್ಲದಿದ್ದರೆ ಓಲಿಯೋರೆಸಿನ್ ಉದ್ಯಮ ಇಲ್ಲಿಂದ ಗಂಟು ಕಟ್ಟುತ್ತಿತ್ತು. ಆದರೆ ಹೀಗೆ ಬಂದ ಮಾಲು ಒಂದಿಷ್ಟು ಊರೊಳಗೆ ಸೋರುತ್ತದೆ ಅನ್ನುವುದು ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು.

ಇನ್ನೊಂದು ಮಾತು. ನಿಮ್ಮ ಕಡೆ ಬೆಲೆ ಈಗ 600ರ ಮೇಲಿದೆ. ಗೋಡೆ ಮಾತ್ರ 500ರಲ್ಲೇ ನಿಂತಿದೆ. ನೀರು ಮೇಲೇರಿದ ಮೇಲೆ ಮುಳುಗಿದ ಗೋಡೆ ಏನು ತಡೆಯುತ್ತದೆ? ಈಗ ನಿಜವಾಗಿ ಕಾಯುತ್ತಿರುವುದು ಸುಂಕದ ದರ ಮತ್ತು ಮೂಲದ ತಪಾಸಣೆ ಮಾತ್ರ.

ನಿಮ್ಮ ಮಗನ ಮಾತಿಗೆ ಬರುತ್ತೇನೆ. ‘ವ್ಯಾಪಾರವೇ ಬೇಡ’ ಅನ್ನುವುದು ಹೇಳಲು ಸುಲಭ. 2023–24ರಲ್ಲಿ ಎರಡೂ ದೇಶಗಳ ಸರಕು ವ್ಯಾಪಾರ ಸುಮಾರು 550 ಕೋಟಿ ಡಾಲರ್. ಅದರಲ್ಲಿ ನಾವು ಕಳಿಸಿದ್ದು 410 ಕೋಟಿಯಷ್ಟು, ತರಿಸಿದ್ದು 140 ಕೋಟಿಯಷ್ಟು. ಪೆಟ್ರೋಲು, ಔಷಧಿ, ಬಟ್ಟೆ, ಕಬ್ಬಿಣ ಎಲ್ಲ ನಮ್ಮದೇ. ಕೊಲಂಬೊ ಬೀದಿಯಲ್ಲಿ ಓಡುವ ಆಟೋಗಳನ್ನು ನೋಡಿದರೆ ಮೈಸೂರಿನಲ್ಲಿದ್ದೇನೆ ಅನ್ನಿಸುತ್ತದೆ. ಲಂಕೆಯ ದೊಡ್ಡ ಸರಕು ಅಂದರೆ ಸಿದ್ಧ ಉಡುಪು ಮತ್ತು ಚಹಾ. ಉಡುಪು ಅಮೆರಿಕ, ಯುರೋಪಿಗೆ ಹೋಗುತ್ತದೆ. ಚಹಾ ರಷ್ಯಾ, ಇರಾಕ್, ತುರ್ಕಿ ಕಡೆಗೆ. ನಮಗೆ ಮಾರಲು ಅವರ ಹತ್ತಿರ ಇರುವುದೇ ಬೆರಳೆಣಿಕೆಯ ಸಾಮಾನು. ಅದರಲ್ಲಿ ಮೆಣಸು, ಅಡಿಕೆ ಕಣ್ಣಿಗೆ ಕುಕ್ಕುತ್ತವೆ. ನಮ್ಮ ಪಾಲಿಗೆ ಲಂಕೆ ಒಂದು ಸಣ್ಣ ಗಿರಾಕಿ. ಮೆಣಸಿನಂಥ ಸಾಮಾನಿನ ಮಟ್ಟಿಗೆ ಅವರಿಗೆ ನಾವೇ ದೊಡ್ಡ ಪೇಟೆ. ಇಂಥ ಜೋಡಿಯಲ್ಲಿ ದೊಡ್ಡವನು ಸ್ವಲ್ಪ ಜಾಸ್ತಿ ಬಿಟ್ಟುಕೊಡುವುದು ರೂಢಿ. 1998ರಲ್ಲಿ ನಾವು ಸುಂಕ ಇಳಿಸಲು ಮೂರು ವರ್ಷ ತಗೊಂಡೆವು, ಅವರಿಗೆ ಎಂಟು ವರ್ಷ ಕೊಟ್ಟೆವು.

ಈ ವ್ಯಾಪಾರದಲ್ಲಿ ನಿಮ್ಮಂಥ ರೈತರೂ ಇದ್ದಾರೆ. ಚಿಕ್ಕಬಳ್ಳಾಪುರ, ಕೋಲಾರ ಕಡೆಯ ರೋಸ್ ಈರುಳ್ಳಿ ಗೊತ್ತಲ್ಲ? ಕೆಂಪಗೆ, ಚಿಕ್ಕದು, ಘಾಟು ಜಾಸ್ತಿ. ನಮ್ಮ ಸಾರಿಗೆ ಅದನ್ನು ಯಾರೂ ಕೇಳುವುದಿಲ್ಲ. ಹೋಗುವುದು ಮಲೇಷ್ಯಾ, ಸಿಂಗಪುರ, ಶ್ರೀಲಂಕಾಕ್ಕೆ. 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧ ಆದಾಗ ಕೋಲಾರದ ಕಡೆಯ ರೈತ ಚೀಲದ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತ. ಅತ್ತ ಲಂಕೆಯ ಅಡುಗೆ ಮನೆಯಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿತು. 2024ರ ಏಪ್ರಿಲ್‌ನಲ್ಲಿ ಅವರಿಗಾಗಿಯೇ 10 ಸಾವಿರ ಟನ್ ಬಿಡಬೇಕಾಯಿತು. ರೋಸ್ ಈರುಳ್ಳಿಗೆ ರಫ್ತು ಸುಂಕದಿಂದ ವಿನಾಯಿತಿ ಸಿಕ್ಕಿದ್ದು ಮೇ ಕೊನೆಗೆ. ನಾವು ಮೆಣಸಿಗೆ ಬಾಗಿಲು ಹಾಕಿದರೆ ಅವರು ಈರುಳ್ಳಿಗೆ ಹಾಕಬಹುದು. ನಿಮ್ಮ ಮಗ ಇದನ್ನೂ ಒಮ್ಮೆ ಯೋಚಿಸಲಿ.

ಬಾಗಿಲು ಹಾಕದೆ ಸಂದು ಮುಚ್ಚಿದ ಉದಾಹರಣೆಯೂ ಇದೇ ಒಪ್ಪಂದದಲ್ಲಿ ಇದೆ. 2000ದ ನಂತರ ಕೆಲವು ಇಂಡಿಯಾದ ಹಣವಂತರೇ ಲಂಕೆಗೆ ಹೋಗಿ ವನಸ್ಪತಿ ಕಾರ್ಖಾನೆ ಹಾಕಿದರು. ಲಂಕೆಯಲ್ಲಿ ತಾಳೆ ಎಣ್ಣೆಗೆ ಸುಂಕ ಕಮ್ಮಿ, ಇಲ್ಲಿ ಜಾಸ್ತಿ. ಅಲ್ಲಿ ತರಿಸಿ, ಗಟ್ಟಿ ಮಾಡಿ, ವನಸ್ಪತಿ ಅಂತ ಸುಂಕವಿಲ್ಲದೆ ಇಲ್ಲಿಗೆ ಸುರಿದರು. ಇದರಲ್ಲಿ ಕೋಡ್ ಬದಲಾಗುತ್ತಿತ್ತು, ಆದ್ದರಿಂದ ಮೆಣಸಿನ ಹಾಗೆ ನೇರ ಕಾನೂನುಬಾಹಿರ ಅನ್ನುವಂತಿರಲಿಲ್ಲ! ತಾಮ್ರದ ಗುಜರಿಯನ್ನು ಕರಗಿಸಿ ಕಳಿಸಿದ್ದೂ ಅದೇ ಕತೆ. ಇಲ್ಲಿನ ಕಾರ್ಖಾನೆಗಳು ಬೊಬ್ಬೆ ಹೊಡೆದ ಮೇಲೆ 2006ರಲ್ಲಿ ವನಸ್ಪತಿಗೆ ವರ್ಷಕ್ಕೆ 2.5 ಲಕ್ಷ ಟನ್ ಕೋಟಾ ಬಂತು. ಇಲ್ಲಿ ಸುಂಕವೂ ಬದಲಾಯಿತು. ಆಮೇಲೆ ಆ ಕಾರ್ಖಾನೆಗಳು ಸದ್ದಿಲ್ಲದೆ ಮುಚ್ಚಿದವು. ಲಂಕೆಯ ಲೆಕ್ಕದಲ್ಲಿ ಇಂಡಿಯಾಕ್ಕೆ ರಫ್ತು ಒಂದೇ ಸಮನೆ ಏರಿತ್ತು, ಹಾಗೆಯೇ ಇಳಿಯಿತು. ಊರಿನ ಬಡವನಿಗೆ ಅದರಿಂದ ಸಿಕ್ಕಿದ್ದು ಏನೂ ಇಲ್ಲ.

ಬೆಲೆಯ ನಿಜವಾದ ಯಜಮಾನ ವಿಯೆಟ್ನಾಂ. ವರ್ಷಕ್ಕೆ ಎರಡು ಲಕ್ಷ ಟನ್ ಆಸುಪಾಸು ಬೆಳೆಯುವ ದೇಶ. 2015ರ ಸುಮಾರಿಗೆ ನಮ್ಮಲ್ಲಿ ಮೆಣಸು 650–700 ಇದ್ದದ್ದು ನಿಮಗೆ ನೆನಪಿರಬೇಕು. ಆ ಬೆಲೆ ನೋಡಿ ಅವರು ಎಲ್ಲೆಂದರಲ್ಲಿ ಬಳ್ಳಿ ನೆಟ್ಟರು. ಎಲ್ಲ ಒಟ್ಟಿಗೆ ಫಸಲಿಗೆ ಬಂದವು. 2019ರ ಹೊತ್ತಿಗೆ ನಮ್ಮ ಮೆಣಸೂ 350ಕ್ಕೆ ಬಂತು. ಆಮೇಲೆ ಅವರು ಬಳ್ಳಿ ಕಿತ್ತು ಕಾಫಿ, ಡುರಿಯನ್ ಹಣ್ಣು ಹಾಕಿದರು. ಬೆಳೆ ಕಮ್ಮಿ ಆಯಿತು, 2023ರಲ್ಲಿ ನಮ್ಮ ಬೆಲೆ ಮತ್ತೆ 600 ದಾಟಿತು. ಎರಡೂ ಸಲ ಸೋಮವಾರಪೇಟೆಯ ದರ ತೀರ್ಮಾನವಾದದ್ದು ವಿಯೆಟ್ನಾಂ ಗುಡ್ಡಗಳಲ್ಲಿ.

ಮೂರು ದಿನದಲ್ಲಿ ಆದ ಮೂವತ್ತು ರೂಪಾಯಿ ಇಳಿತ ಮಾತ್ರ ಬಹುಮಟ್ಟಿಗೆ ಬಾಯಿ ಮಾತಿನದ್ದು. ‘ಡಬ್ಬಿ ಬಂದಿದೆಯಂತೆ’ ಅನ್ನುವ ಒಂದು ಫೋನು ಸಾಕು. ವ್ಯಾಪಾರಿ ಕೊಳ್ಳುವುದನ್ನು ಎರಡು ದಿನ ನಿಲ್ಲಿಸುತ್ತಾನೆ, ಅವಸರ ಇರುವ ರೈತ ಇಳಿಸುತ್ತಾನೆ. ಹಾಗೆ ಕೇಳಿದಾಗ ಕೊಚ್ಚಿಯ ಆ ದಿನದ ದರ ನೋಡಿ. ಗಾರ್ಬಲ್ಡ್ ಮತ್ತು ಅನ್‌ಗಾರ್ಬಲ್ಡ್, ಅಂದರೆ ಆರಿಸಿದ್ದು ಮತ್ತು ಆರಿಸದ್ದು, ಎರಡರ ದರವೂ ದಿನಾ ಸಿಗುತ್ತದೆ. ಕೊಚ್ಚಿ ಐದು ರೂಪಾಯಿ ಇಳಿದು ನಿಮ್ಮವನು ಮೂವತ್ತು ಇಳಿಸಿದ್ದರೆ ಅದು ಲಂಕೆಯ ಮೆಣಸಿನ ಕೆಲಸವಲ್ಲ, ನಿಮ್ಮೂರಿನ ವ್ಯಾಪಾರಿಯ ಕೈಚಳಕ.

ತಿಂಗಳ ಲೆಕ್ಕವನ್ನೂ ಇಟ್ಟುಕೊಳ್ಳಿ. ನಿಮ್ಮ ಕೊಯ್ಲು ಜನವರಿಯಿಂದ ಮಾರ್ಚ್, ಏಪ್ರಿಲ್. ವಿಯೆಟ್ನಾಂನದೂ ಬಹುತೇಕ ಅದೇ ಹೊತ್ತಿಗೆ. ಲಂಕೆಯ ದೊಡ್ಡ ಬೆಳೆ ಕೈಗೆ ಬರುವುದು ಮೇ ನಂತರ, ನಮ್ಮಲ್ಲಿ ಮಳೆ ಹಿಡಿಯುವ ಕಾಲಕ್ಕೆ. ಮಾರ್ಚ್‌ನಲ್ಲಿ ಯಾರಾದರೂ ‘ಲಂಕೆಯ ಹೊಸ ಮಾಲು ರಾಶಿ ಬಂದಿದೆ’ ಅಂದರೆ ಹುಬ್ಬು ಏರಿಸಿ.

ಮಾರಲೋ, ಇಡಲೋ? ನಾನು ಜ್ಯೋತಿಷಿ ಅಲ್ಲ. ಆದರೆ ಮೆಣಸು ಬೆಳೆಗಾರನ ಎಫ್‌ಡಿ ಇದ್ದ ಹಾಗೆ. ಚೆನ್ನಾಗಿ ಒಣಗಿ ತೇವ ಶೇ. 11ರ ಒಳಗಿದ್ದರೆ ವರ್ಷಗಟ್ಟಲೆ ಕೆಡದು. ಸಾಲದ ಬಡ್ಡಿ ಕುತ್ತಿಗೆಗೆ ಬಂದಿದ್ದರೆ ಅಷ್ಟಕ್ಕೆ ಬೇಕಾದಷ್ಟು ಈಗಲೇ ಮಾರಿ. ಬಡ್ಡಿ ಕಟ್ಟಿಕೊಂಡು ಬೆಲೆ ಕಾಯುವುದು ಎರಡು ಕಡೆ ಜೂಜು. ಉಳಿದದ್ದನ್ನು ಎರಡು ಮೂರು ಕಂತಾಗಿ ಬಿಡಿ. ನೋಂದಾಯಿತ ಗೋದಾಮಿನಲ್ಲಿಟ್ಟು ಅದರ ಇಲೆಕ್ಟ್ರಾನಿಕ್ ರಸೀದಿ ಮೇಲೆ ಬ್ಯಾಂಕಿನಿಂದ ಸಾಲ ಪಡೆಯುವ ದಾರಿಯೂ ಇದೆ. ಆದರೆ ಬೆಲೆ ಬಿದ್ದರೆ ಬ್ಯಾಂಕು ಹೆಚ್ಚಿನ ಅಡಮಾನ ಕೇಳುತ್ತದೆ, ಬಾಡಿಗೆಯೂ ಓಡುತ್ತಿರುತ್ತದೆ. 12 ಕ್ವಿಂಟಾಲಿಗೆ ಅಷ್ಟು ಓಡಾಟ ಬೇಕಾ ಅಂತ ನೀವೇ ತೂಗಿ ನೋಡಿ. ನಾನಾದರೆ ಮನೆಯಲ್ಲೇ ಇಟ್ಟು, ಜರಡಿ ಹಿಡಿದು ದಪ್ಪ ಕಾಳು ಬೇರೆ ಮಾಡುತ್ತೇನೆ. ಒಂದು ಲೀಟರ್ ಅಳತೆಯ ಕಾಳು 550 ಗ್ರಾಂ ತೂಗುವ ಮೆಣಸಿಗೆ ಲಂಕೆಯ ಹಗುರ ಕಾಳು ಎದುರಾಳಿಯೇ ಅಲ್ಲ.

ನಿಮ್ಮ ಬೆಳೆಗಾರರ ಸಂಘ ಸರ್ಕಾರಕ್ಕೆ ಏನು ಕೇಳಬೇಕು? ಕನಿಷ್ಠ ಬೆಲೆ ಏರಿಸಿ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಅಡಿಕೆಗೆ 2023ರಲ್ಲಿ 251ರಿಂದ 351ಕ್ಕೆ ಏರಿಸಿದ್ದಾರೆ. ಏರಿಸಲಿ, ಆದರೆ ಗೋಡೆ ಎತ್ತರವಾದಷ್ಟೂ ಕಳ್ಳದಾರಿಯ ಲಾಭ ಜಾಸ್ತಿ. ನನ್ನ ಅನುಭವದಲ್ಲಿ ಕಾಗದ ಕೆದಕುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೆಲವೇ ಬಂದರುಗಳಲ್ಲಿ ಮಾತ್ರ ಮೆಣಸು ಇಳಿಯಲಿ. ಲಂಕೆಯ ವಾಣಿಜ್ಯ ಇಲಾಖೆ ಕೊಟ್ಟ ‘ಶ್ರೀಲಂಕಾ ಉತ್ಪನ್ನ’ ಅನ್ನುವ ಪ್ರಮಾಣಪತ್ರವನ್ನು ಇಲ್ಲಿನವರು ನಂಬರ್ ಹಾಕಿ ನೇರ ತಾಳೆ ನೋಡಲಿ. ಎರಡು ದೇಶಗಳ ಹೊಸ ಆರ್ಥಿಕ ಒಪ್ಪಂದದ ಮಾತುಕತೆ 2016ರಲ್ಲಿ ಶುರುವಾಗಿ ನಿಂತು, 2023ರಲ್ಲಿ ಮತ್ತೆ ಎದ್ದಿದೆ. ಈ ಷರತ್ತು ಸೇರಿಸಲು ಅದೇ ಸರಿಯಾದ ಜಾಗ.

ನಿಮ್ಮ ಅಕ್ಕನ ಮಗನ ವಿಷಯ. ಇದನ್ನು ನೇರವಾಗಿ ಹೇಳುತ್ತೇನೆ. ಹೆಸರು ಅವನದು, ಮಾಲು ಇನ್ನೊಬ್ಬರದು ಅಂದರೆ ಜೈಲು ಅವನದು, ಲಾಭ ಇನ್ನೊಬ್ಬರದು. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ‘ಪ್ರಮಾಣಪತ್ರ ಇತ್ತು, ನನಗೇನೂ ಗೊತ್ತಿಲ್ಲ’ ಅನ್ನುವ ಹಾಗಿಲ್ಲ. ಮಾಲು ಎಲ್ಲಿ ಬೆಳೆದದ್ದು, ಮೌಲ್ಯ ಹೇಗೆ ಸೇರಿತು ಅನ್ನುವ ವಿವರ ಆಮದುದಾರನ ಕೈಯಲ್ಲೇ ಇರಬೇಕು. ಐದು ವರ್ಷ ಕಾಪಾಡಬೇಕು. ಅನುಮಾನ ಬಂದಾಗ ಅದನ್ನು ತೋರಿಸಲಾಗದಿದ್ದರೆ ರಿಯಾಯಿತಿ ರದ್ದು, ಪೂರ್ತಿ ಸುಂಕ, ದಂಡ. ಬೆಲೆ ಸುಳ್ಳು ಅಂತಾದರೆ ಮಾಲೇ ಜಪ್ತಿ. ಲೈಸೆನ್ಸ್ ಹೆಸರು ಕೊಟ್ಟ ಒಬ್ಬ ಹುಡುಗನನ್ನು ನಾನು ಬಲ್ಲೆ. ತಿಂಗಳಿಗೆ ಇಪ್ಪತ್ತು ಸಾವಿರ ಸಿಗುತ್ತೆ ಅಂತ ಸಹಿ ಹಾಕಿದ್ದ. ನೋಟಿಸ್ ಬಂದದ್ದು ಕೋಟಿಗಳಲ್ಲಿ. ಬೆನ್ನು ಹತ್ತಿದ್ದವನ ಫೋನು ಅವತ್ತಿನಿಂದ ಸ್ವಿಚ್ ಆಫ್.

ಅವನಿಗೆ ನಿಜವಾಗಿ ವ್ಯಾಪಾರ ಮಾಡುವ ಆಸೆ ಇದ್ದರೆ ತಪ್ಪೇನಿಲ್ಲ. ಮಾತಳೆಗೆ ಹೋಗಿ ಕಣದಲ್ಲಿ ಮಾಲು ನೋಡಲಿ, ಅಲ್ಲಿನ ಖರೀದಿ ಚೀಟಿಗಳ ನಕಲು ತರಲಿ, ತನ್ನ ದುಡ್ಡು ಹಾಕಲಿ. ಸಸ್ಯ ಸಂಗರೋಧದ ಪ್ರಮಾಣಪತ್ರ, ಆಹಾರ ಸುರಕ್ಷತೆಯ ಮಾದರಿ ಪರೀಕ್ಷೆ ಎಲ್ಲಕ್ಕೂ ದಿನ ಹಿಡಿಯುತ್ತದೆ. ಆ ದಿನಗಳ ಬಂದರು ಬಾಡಿಗೆಯೂ ಅವನದೇ. ಇಷ್ಟೆಲ್ಲ ಆದ ಮೇಲೆ ಕೆಜಿಗೆ ಹತ್ತಿಪ್ಪತ್ತು ಉಳಿದರೆ ದೊಡ್ಡದು. ಬೆನ್ನು ಹತ್ತಿದವರು ಇನ್ನೂರರ ಲೆಕ್ಕ ತೋರಿಸುತ್ತಿದ್ದರೆ, ಅದು ಮೇಲೆ ಹೇಳಿದ ಡಬ್ಬಿಯ ಲೆಕ್ಕವೇ.

ಇನ್ನು ನೀವು ಕಳಿಸಿದ ಪೊಟ್ಟಣ. ಕಣ್ಣಿಂದ ನೋಡಿ ಮೆಣಸಿನ ಊರು ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಒಂದು ಹಿಡಿ ತೆಗೆದು ನೀರಿನ ಲೋಟಕ್ಕೆ ಹಾಕಿದೆ. ಮುಕ್ಕಾಲು ಪಾಲು ತೇಲಿತು, ಬರೀ ಜೊಳ್ಳು. ಲಂಕೆಯದೋ, ನಿಮ್ಮ ಪಕ್ಕದ ತೋಟದಲ್ಲಿ ಬಿಸಿಲಿಗೆ ಸುಟ್ಟದ್ದೋ ಹೇಳಲಾರೆ. ಆದರೆ ಇದನ್ನು ತೋರಿಸಿ ನಿಮ್ಮ ಮೆಣಸಿಗೆ ಬೆಲೆ ಕಟ್ಟುವ ವ್ಯಾಪಾರಿಗೆ, ಅವನ ಎದುರೇ ಎರಡು ಲೋಟ ನೀರು ತರಿಸಿ ತೋರಿಸಿ.